ನೀವು ಕೇಳಲೇ ಇಲ್ಲವಲ್ಲ

1961ರ ಅಕ್ಟೋಬರ್‌ನಲ್ಲಿ ನೈಜೀರಿಯಾದ ಇಬಾದಾನ್ ಯೂನಿವರ್ಸಿಟಿ ಕಾಲೇಜಿನ ವಿದ್ಯಾರ್ಥಿಗಳ ಕೈಗೆ ಒಂದು ಪೋಸ್ಟ್‌ಕಾರ್ಡ್ ಸಿಕ್ಕಿತು. ಹೊರದೇಶಗಳಿಗೆ ಸ್ವಯಂಸೇವಕರನ್ನು ಕಳಿಸುವ ಅಮೆರಿಕ ಸರ್ಕಾರದ ಪೀಸ್ ಕೋರ್ ಸೇರಿ ಆಗಷ್ಟೇ ಬಂದಿದ್ದ ತರುಣಿಯೊಬ್ಬಳು ತನ್ನ ದೇಶದ ಸ್ನೇಹಿತನಿಗೆ ಬರೆದ ಕಾರ್ಡು. ಇಲ್ಲಿಯ ಜನ ಬೀದಿಯಲ್ಲೇ ಬೇಯಿಸುತ್ತಾರೆ, ಬೀದಿಯಲ್ಲೇ ಮಾರುತ್ತಾರೆ, ಮಿಕ್ಕಿದ್ದನ್ನೂ ಅಲ್ಲೇ ಮುಗಿಸುತ್ತಾರೆ ಎಂಬ ಧಾಟಿಯ ಸಾಲುಗಳು ಅದರಲ್ಲಿದ್ದವು. ವಿದ್ಯಾರ್ಥಿಗಳು ಅದರ ಪ್ರತಿ ಮಾಡಿ ಹಂಚಿದರು, ಪ್ರತಿಭಟನೆ ನಡೆಸಿದರು. ಸುದ್ದಿ ಅಮೆರಿಕದ ಪತ್ರಿಕೆಗಳಿಗೂ ಹೋಯಿತು. ಆಕೆ ಕ್ಷಮೆ ಕೇಳಿದಳು, ಕೊನೆಗೆ ನೈಜೀರಿಯಾ ಬಿಟ್ಟು ಹೊರಟಳು. ಅಮೆರಿಕದ ಅಧ್ಯಕ್ಷ ಕೆನಡಿಯವರು ಪೀಸ್ ಕೋರ್ ಸ್ಥಾಪನೆಗೆ ಸಹಿ ಹಾಕಿದ್ದು ಅದೇ ವರ್ಷದ ಮಾರ್ಚ್ 1ರಂದು. ನೈಜೀರಿಯಾ ಸ್ವತಂತ್ರವಾಗಿ ಆಗಿನ್ನೂ ಒಂದು ವರ್ಷ.

ಆ ಹುಡುಗಿಯನ್ನು ಬೈಯುವುದು ಸುಲಭ. ಆದರೆ ಅವಳಿಗಿಂತ ಮೊದಲೂ ಆಮೇಲೂ ಆಫ್ರಿಕಾದ ಬಗ್ಗೆ ಅದಕ್ಕಿಂತ ಕಟುವಾಗಿ, ಪುಸ್ತಕಗಟ್ಟಲೆ ಬರೆದವರಿದ್ದಾರೆ. ಅವರಲ್ಲಿ ಯಾರಿಗೂ ಊರು ಬಿಡಬೇಕಾಗಿ ಬರಲಿಲ್ಲ. ಇವಳ ಕಾರ್ಡು ಮಾತ್ರ ಯಾರ ಬಗ್ಗೆ ಬರೆದಿತ್ತೋ ಅವರ ಕೈಗೇ ಸಿಕ್ಕಿಬಿಟ್ಟಿತು. ಮಿಕ್ಕವರ ಬರಹಗಳನ್ನು ಆ ಊರಿನವರು ಓದಲೇ ಇಲ್ಲ, ಅಷ್ಟೇ ವ್ಯತ್ಯಾಸ. ಅಂದಹಾಗೆ ಇದು ನಮಗೆ ದೂರದ ಕಥೆಯೂ ಅಲ್ಲ. ಅದೇ ಪೀಸ್ ಕೋರ್‌ನ ತರುಣ ತರುಣಿಯರು 1976ರವರೆಗೆ ಭಾರತದ ಹಳ್ಳಿಗಳಲ್ಲೂ ಇದ್ದರು. ಕೋಳಿ ಸಾಕುವುದನ್ನು ಹೇಳಿಕೊಡಲು ಬರುತ್ತಿದ್ದ ಉದ್ದ ಕಾಲಿನ ಅಮೆರಿಕನ್ನರನ್ನು ಹಳೆಯ ಮೈಸೂರು ರಾಜ್ಯದ ಕೆಲವು ಹಿರಿಯರು ಇನ್ನೂ ನೆನೆಯುತ್ತಾರೆ. ಅವರು ನಮ್ಮ ಬಗ್ಗೆ ಮನೆಗೆ ಏನೇನು ಬರೆದಿದ್ದರೋ!

ಪರದೇಶದಿಂದ ಕೆಲಸಕ್ಕೆಂದು ಹಳ್ಳಿಗೆ ಬಂದವರ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇಟಲಿಯ ಎರ್ನೆಸ್ಟೊ ಸಿರೊಲಿ ತಮ್ಮ ಮೇಲೆಯೇ ಹೇಳಿಕೊಳ್ಳುವ ಕಥೆ. 1970ರ ದಶಕದಲ್ಲಿ ಅವರಿದ್ದ ಇಟಾಲಿಯನ್ ಸಂಸ್ಥೆ ಜಾಂಬಿಯಾದಲ್ಲಿ ಜಾಂಬೆಜಿ ನದಿಯ ಕಣಿವೆಯ ಜನರಿಗೆ ಬೇಸಾಯ ಕಲಿಸಲು ಹೊರಟಿತು. ಬಂಗಾರದಂಥ ಮಣ್ಣು, ಪಕ್ಕದಲ್ಲೇ ತುಂಬಿ ಹರಿಯುವ ನದಿ. ಆದರೂ ಅಲ್ಲಿ ಯಾರೂ ಏನೂ ಬೆಳೆಯುತ್ತಿರಲಿಲ್ಲ. ಇಟಲಿಯವರಿಗೆ ಅಚ್ಚರಿಯೋ ಅಚ್ಚರಿ. ಸದ್ಯ, ನಾವಾದರೂ ಬಂದೆವಲ್ಲ ಎಂದುಕೊಂಡು ಟೊಮೆಟೊ ಹಾಕಿದರು. ಗಿಡ ಸೊಂಪಾಗಿ ಬಂತು, ಹಣ್ಣು ಕೆಂಪಗೆ ತೂಗಿತು. ಒಂದು ರಾತ್ರಿ ನದಿಯಿಂದ ನೀರಾನೆಗಳ ಹಿಂಡು ಎದ್ದು ಬಂದು ತೋಟವನ್ನೆಲ್ಲ ಮೇದು ಹೋಯಿತು. ಇದಕ್ಕೇ ನಾವಿಲ್ಲಿ ಏನೂ ಬೆಳೆಯುವುದಿಲ್ಲ ಎಂದರಂತೆ ಊರಿನವರು. ಮೊದಲೇ ಹೇಳಬಾರದಿತ್ತೇ ಎಂದರೆ, ನೀವು ಕೇಳಲೇ ಇಲ್ಲವಲ್ಲ ಎಂಬ ಉತ್ತರ ಬಂತು.

ಈ ಕಥೆ ಕೇಳಿ ನಗದವರಿಲ್ಲ. ನಕ್ಕಾದ ಮೇಲೆ ಊರಿನವರ ಸಹನೆಯನ್ನೂ ಸ್ವಲ್ಪ ಯೋಚಿಸಬೇಕು. ತಿಂಗಳುಗಟ್ಟಲೆ ಅವರು ಆ ಪಾತಿಗಳನ್ನು, ಬೆವರುತ್ತಿದ್ದ ಬಿಳಿಯರನ್ನು ನೋಡುತ್ತ ಸುಮ್ಮನಿದ್ದರು. ಹೊರಗಿನಿಂದ ಬಂದವರಿಗೆ ಹೇಳಿ ಪ್ರಯೋಜನವಿಲ್ಲ ಎಂಬುದು ಒಂದೇ ಬೆಳೆಯಲ್ಲಿ ಕಲಿತ ಪಾಠವಾಗಿರಲಾರದು.

ದೊಡ್ಡ ದುಡ್ಡಿನವರೂ ಇದೇ ದಾರಿ ಹಿಡಿದರು. ಮಕ್ಕಳು ಆಡುತ್ತ ತಿರುಗಿಸಿದರೆ ನೀರು ಮೇಲಿನ ಟ್ಯಾಂಕಿಗೆ ಏರುವ ತಿರುಗಣೆ ಪಂಪನ್ನು ‘ಪ್ಲೇಪಂಪ್’ ಎಂಬ ಹೆಸರಿನಲ್ಲಿ ದಕ್ಷಿಣ ಆಫ್ರಿಕಾದಿಂದ ಮೊಜಾಂಬಿಕ್, ಮಲಾವಿಗಳವರೆಗೆ ಹಾಕಿಸಿದರು. 2006ರಲ್ಲಿ ಅಮೆರಿಕದ ಸರ್ಕಾರವೇ ಬೆನ್ನಿಗೆ ನಿಂತಿತು. ಮಕ್ಕಳಿಗೆ ಬೇಗನೆ ಬೇಸರ ಬಂತು. ಆಮೇಲೆ ಆ ಚಕ್ರವನ್ನು ಬಗ್ಗಿ ತಳ್ಳಿದವರು ನೀರಿಗೆ ಬಂದ ಹೆಂಗಸರು, ಅವರಲ್ಲಿ ಮುದುಕಿಯರೂ ಇದ್ದರು. ಕೆಲವು ಕಡೆ ಮೊದಲಿದ್ದ ಕೈಪಂಪನ್ನೇ ಕಿತ್ತು ಇದನ್ನು ಕೂರಿಸಿದ್ದರು.

ಹಾಗಾದರೆ ಹೊರಗಿನವರು ಹೋಗಲೇಬಾರದೆ? ಆ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಮಾಲಿ ದೇಶದ ಒಂದು ಹಳ್ಳಿಯ ಪುಸ್ತಕ ಓದಿದ ಮೇಲಂತೂ ಇಲ್ಲವೇ ಇಲ್ಲ.

ಕ್ರಿಸ್ ಹಾಲೊವೇ 1989ರಲ್ಲಿ ಕಾಲೇಜು ಮುಗಿಸಿದ ಹೊಸತರಲ್ಲಿ ಪೀಸ್ ಕೋರ್ ಸೇರಿ ಮಾಲಿಯ ಹತ್ತಿ ಬೆಳೆಯುವ ಸೀಮೆಯ ನಂಪೊಸ್ಸೆಲಾ ಎಂಬ ಹಳ್ಳಿಗೆ ಹೋದರು. ಕರೆಂಟಿಲ್ಲ, ನಲ್ಲಿಯಿಲ್ಲ. ಅಲ್ಲಿ ಅವರಿಗೆ ಜೊತೆಯಾದವಳು ಇಪ್ಪತ್ತನಾಲ್ಕರ ಮೊನೀಕ್ ದೆಂಬೆಲೆ, ಊರಿನ ಸೂಲಗಿತ್ತಿ. ಆರನೆಯ ತರಗತಿಯವರೆಗಿನ ಓದು, ಒಂಬತ್ತು ತಿಂಗಳ ತರಬೇತಿ. ಆದರೆ ಬಸುರಿ, ಬಾಣಂತಿ, ಹಸುಗೂಸು ಎಲ್ಲಕ್ಕೂ ಅವಳೇ ದಿಕ್ಕು. ಬೆನ್ನಿಗೆ ತನ್ನ ಕೂಸನ್ನು ಕಟ್ಟಿಕೊಂಡೇ ಇನ್ನೊಬ್ಬಳ ಹೆರಿಗೆ ಮಾಡಿಸುತ್ತಿದ್ದಳು. ಹೆರಿಗೆ ಮನೆ ಶಿಥಿಲವಾಗಿತ್ತು. ಅವಳ ಸಂಬಳ ಅವಳ ಕೈಗೆ ಬರುತ್ತಿರಲಿಲ್ಲ, ಮಾವನ ಕೈ ಸೇರುತ್ತಿತ್ತು. ಹಾಲೊವೇಗೆ ಹೆರಿಗೆಯ ಕೆಲಸದ ಗಂಧಗಾಳಿ ಇರಲಿಲ್ಲ. ಕೂಸುಗಳನ್ನು ತೂಗಿ ಬರೆದಿಡುವುದು, ಕೇಳಿದ್ದನ್ನು ತಂದು ಕೊಡುವುದು, ಕೂಗಿದಾಗ ಓಡಿ ಬರುವುದು ಇವರ ಪಾಲಿನ ಕೆಲಸ. ಎರಡು ವರ್ಷ ಹೀಗೆ ಆ ಸೂಲಗಿತ್ತಿಯ ಕೈಕೆಳಗೆ ದುಡಿದರು.

ಹಾಲೊವೇ ಬರೆದ, 2006ರಲ್ಲಿ ಪ್ರಕಟವಾದ ‘ಮೊನೀಕ್ ಅಂಡ್ ದಿ ಮ್ಯಾಂಗೊ ರೈನ್ಸ್’ ನೂರೊಂದು ಸ್ವಯಂಸೇವಕ ನೆನಪುಗಳ ನಡುವೆ ಬೇರೆಯಾಗಿ ನಿಲ್ಲುವುದು ಇದಕ್ಕೇ. ಅದರ ನಾಯಕಿ ಬರೆದವಳಲ್ಲ. ಹಾಲೊವೇ ಅಮೆರಿಕಕ್ಕೆ ಮರಳಿದ ಕೆಲವು ವರ್ಷಗಳಲ್ಲಿ ಮೊನೀಕ್ ತೀರಿಕೊಂಡಳು, ಹೆರಿಗೆಯಲ್ಲೇ. ಊರಿನ ಹೆಣ್ಣುಮಕ್ಕಳಿಗೆಲ್ಲ ಒತ್ತಾಸೆಯಾಗಿದ್ದವಳ ಸಾವು ಯಾಕೆ, ಹೇಗೆ ಎಂದು ತಿಳಿಯಲು ಹಾಲೊವೇ ಮತ್ತೆ ಅಲ್ಲಿಗೆ ಹೋಗುತ್ತಾರೆ. ಆ ಪುಟಗಳಲ್ಲಿ ಕಣ್ಣೀರಿಗಿಂತ ವಿಚಾರಣೆ ಹೆಚ್ಚು. ಹಳ್ಳಿಯನ್ನು ಹೊಗಳುವುದೂ ಇಲ್ಲ, ಹಳಿಯುವುದೂ ಇಲ್ಲ. ಸಂಬಳ ಯಾರ ಕೈಗೆ ಹೋಗುತ್ತದೆ, ಮುಂದಿನ ಮಗು ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಯಾರು ಎಂಬ ನೇರ ಪ್ರಶ್ನೆಗಳಿವೆ.

ಮಾಲಿಯ ಹಳ್ಳಿಗಳಿಗೆ ಹೊರಗಿನವರನ್ನು ಒಳಗೆ ಸೇರಿಸಿಕೊಳ್ಳುವ ತಮ್ಮದೇ ಉಪಾಯವಿದೆ. ಉಳಿದುಕೊಂಡ ಮನೆಯವರು ಸ್ವಯಂಸೇವಕರಿಗೆ ತಮ್ಮ ಕುಲದ ಹೆಸರನ್ನೇ ಇಡುತ್ತಾರೆ. ಟ್ರಾವೊರೆ ಎಂದು ಹೆಸರಾದರೆ ಸರಿ, ಆ ಕ್ಷಣದಿಂದ ದಿಯಾರಾ ಕುಲದವರೆಲ್ಲ ಅವನನ್ನು ಗೇಲಿ ಮಾಡಲು ಹಕ್ಕುದಾರರು. ಸಂತೆಯಲ್ಲಿ ಹಿಡಿದು ನಿಲ್ಲಿಸಿ ‘ನೀನು ಅಲಸಂದೆ ತಿನ್ನುವವನು’ ಎನ್ನುತ್ತಾರೆ. ಸುತ್ತ ಇದ್ದವರೆಲ್ಲ ಗೊಳ್ಳೆಂದು ನಗುತ್ತಾರೆ. ಇವನು ‘ಅಲಸಂದೆ ತಿನ್ನುವವನು ನೀನು’ ಎಂದು ತಿರುಗಿಸಿ ಕೊಡಬೇಕು; ಕೋಪಿಸಿಕೊಂಡರೆ ಕೆಟ್ಟ. ರಾತ್ರಿ ಒಂದೇ ಬೋಗುಣಿಗೆ ಎಲ್ಲರ ಬಲಗೈ. ಸಿರಿಧಾನ್ಯದ ಹಿಟ್ಟಿನ ‘ತೊ’, ನಮ್ಮ ಮುದ್ದೆಯ ಹಾಗೆಯೇ, ಜೊತೆಗೆ ಲೋಳೆ ಲೋಳೆಯಾದ ಬೆಂಡೆಕಾಯಿ ಸಾರು. ಧರ್ಮ ಮಾಡಲು ಬಂದ ದೊಡ್ಡ ಮನುಷ್ಯನಾಗಿ ಅಲ್ಲಿ ಕೂರುವುದು ಕಷ್ಟ.

ಎರಡು ವಾರದ ಸ್ವಯಂಸೇವೆಯಲ್ಲಿ ಈ ಗೇಲಿಗೆ ಪುರುಸೊತ್ತಿಲ್ಲ. ದುಡ್ಡು ಕಟ್ಟಿ, ವಿಮಾನ ಹತ್ತಿ, ಶಾಲೆಯ ಗೋಡೆಗೆ ಬಣ್ಣ ಬಳಿದು, ಮಕ್ಕಳ ಜೊತೆ ಫೋಟೊ ತೆಗೆಸಿಕೊಂಡು ಮರಳುವ ಪದ್ಧತಿ ಈಗ ದೊಡ್ಡ ವ್ಯಾಪಾರ. ಬಣ್ಣ ಬಳಿಯಬಲ್ಲವರು ಆ ಊರಿನಲ್ಲೇ ಕೆಲಸವಿಲ್ಲದೆ ಕೂತಿರುತ್ತಾರೆ. ನಮ್ಮ ಕಂಪನಿಗಳ ಶನಿವಾರದ ಸೇವೆಗೂ ಈ ಮಾತು ಅನ್ವಯಿಸುತ್ತದೆ, ಇರಲಿ.

ನಮ್ಮ ಪತ್ರಿಕೆಗೂ ಆಫ್ರಿಕಾದ ಲೇಖನಗಳು ಬರುತ್ತವೆ. ಸಿಂಹ, ಜಿರಾಫೆ, ಮಸಾಯಿಗಳ ಕುಣಿತ, ಬಡವರಾದರೂ ಸದಾ ನಗುವ ಮಕ್ಕಳು. ಆಫ್ರಿಕಾದ ಲೇಖಕರಾದ ಅಚಿಬೆ, ಗೂಗಿ ಕನ್ನಡಕ್ಕೆ ಬಂದು ಎಷ್ಟೋ ಕಾಲವಾಯಿತು. ಆದರೂ ನಮ್ಮ ಪ್ರವಾಸಿಗರು ಆಫ್ರಿಕಾವನ್ನು ನೋಡುವುದು ಸಫಾರಿ ಜೀಪಿನ ಎತ್ತರದಿಂದಲೇ. ಆ ಲೇಖನಗಳಲ್ಲಿ ಅಲ್ಲಿಯವರ ಹೆಸರಿರುವುದಿಲ್ಲ, ಡ್ರೈವರ್‌ನದೂ ಇರುವುದಿಲ್ಲ.

ಆದರೆ ಆಫ್ರಿಕಾದ ಊರುಗಳನ್ನು ಕಾಲ್ನಡಿಗೆಯಲ್ಲಿ ಬಲ್ಲ ಕನ್ನಡ ನಾಡಿನವರು ಇದ್ದಾರೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರ, ಚನ್ನಗಿರಿ, ಶಿವಮೊಗ್ಗದ ಕಡೆಯ ಹಕ್ಕಿಪಿಕ್ಕಿ ಜನ ವರ್ಷಗಳಿಂದ ಗಿಡಮೂಲಿಕೆ ಎಣ್ಣೆ ಮಾರಲು ಸುಡಾನ್, ಗ್ಯಾಬೊನ್ ಮೊದಲಾದ ದೇಶಗಳಿಗೆ ಹೋಗಿಬರುತ್ತಿದ್ದಾರೆ. ಅವರ ಬೆನ್ನಿಗೆ ಯಾವ ಸಂಸ್ಥೆಯೂ ಇಲ್ಲ, ಹೋಗುವುದು ಹೊಟ್ಟೆಪಾಡಿಗೆ. ಅಲ್ಲಿಯವರಿಗೆ ಇವರು ಉಪಕಾರಿಗಳಲ್ಲ, ಬರೀ ವ್ಯಾಪಾರಿಗಳು. ಚೌಕಾಶಿಯಲ್ಲಿ ಇಬ್ಬರೂ ಸಮ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಕಾಳಗ ಶುರುವಾಗಿ ಅವರು ಅಲ್ ಫಾಶರ್‌ನಲ್ಲಿ ಸಿಕ್ಕಿಬಿದ್ದಾಗಲೇ ನಮ್ಮಲ್ಲಿ ಬಹುಪಾಲು ಮಂದಿಗೆ ಈ ಸಂಗತಿ ತಿಳಿದದ್ದು. ರಾಜಕಾರಣಿಗಳು ಟ್ವಿಟರ್‌ನಲ್ಲಿ ಜಗಳವಾಡಿದರು, ‘ಆಪರೇಷನ್ ಕಾವೇರಿ’ಯಲ್ಲಿ ಭಾರತೀಯರನ್ನು ಕರೆತಂದರು, ಟಿವಿಯವರು ಗುಂಡಿನ ಸದ್ದಿನ ಬಗ್ಗೆ ಕೇಳಿದರು. ಅಲ್ಲಿ ಯಾರ ಮನೆಯಲ್ಲಿ ಉಣ್ಣುತ್ತಿದ್ದರು, ಯಾವ ಮಾತಿನಲ್ಲಿ ಬೆಲೆ ಹೇಳುತ್ತಿದ್ದರು, ಹೆಂಗಸರು ತಲೆಗೂದಲಿನ ಬಗ್ಗೆ ಏನು ಕೇಳುತ್ತಿದ್ದರು, ಸಾಲ ಕೊಟ್ಟವರು ಯಾರು, ಮೋಸ ಮಾಡಿದವರು ಯಾರು ಎಂದು ಯಾರೂ ಕೇಳಿದಂತಿಲ್ಲ. ಕನ್ನಡದಲ್ಲಿ ಆಫ್ರಿಕಾದ ಬಗ್ಗೆ ಒಂದು ಒಳ್ಳೆಯ ಪುಸ್ತಕ ಬರಬೇಕಾದರೆ ಅದು ಅವರ ಬಾಯಿಂದ ಬರಬೇಕು ಎಂದು ನನ್ನ ನಂಬಿಕೆ.

ಹಕ್ಕಿಪಿಕ್ಕಿ ಜನರ ಊರುಗಳಿಗೆ ಹತ್ತಿರವಿರುವ ಓದುಗರಲ್ಲಿ, ಅಲ್ಲಿಯ ಶಾಲೆ ಕಾಲೇಜುಗಳ ಅಧ್ಯಾಪಕರಲ್ಲಿ ಒಂದು ಕೋರಿಕೆ. ಹೋಗಿ ಬಂದವರ ಮನೆ ಜಗಲಿಯಲ್ಲಿ ಕೂತು ಕೇಳಿ. ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು, ಅವರಿಗೆ ಓದಿ ಹೇಳಿ, ಒಪ್ಪಿದರೆ ಮಾತ್ರ ನಮಗೆ ಕಳಿಸಿ. ಲೇಖನದ ಮೇಲೆ ಅವರ ಹೆಸರೇ ಇರುತ್ತದೆ. ಸಂಭಾವನೆಯೂ ಅವರಿಗೇ ಹೋಗುತ್ತದೆ.