ಅಲ್ಲಿ ಪೊಲೀಸ್ ಸಂಘ ಕಾನೂನನ್ನೇ ಬದಲಿಸಿತು, ಇಲ್ಲಿ ಕಾನ್‌ಸ್ಟೇಬಲ್‌ಗೆ ಸಂಘ ಕಟ್ಟೋಕೂ ಬಿಡಲ್ಲ

2025ರ ಜನವರಿ 5ರಂದು ಅಮೆರಿಕದ ಆಗಿನ ಅಧ್ಯಕ್ಷ ಜೋ ಬೈಡನ್ ಒಂದು ಕಾನೂನಿಗೆ ಸಹಿ ಹಾಕಿದರು. ಅದರ ಹೆಸರು ಸೋಷಿಯಲ್ ಸೆಕ್ಯುರಿಟಿ ಫೇರ್‌ನೆಸ್ ಆಕ್ಟ್. ಇದು ಪಿಂಚಣಿಗೆ ಸಂಬಂಧಿಸಿದ ಕಾನೂನು. ಇದಕ್ಕಾಗಿ ವರ್ಷಗಟ್ಟಲೆ ಸಂಸದರ ಬಾಗಿಲು ತಟ್ಟಿದವರಲ್ಲಿ ಅಲ್ಲಿನ ಪೊಲೀಸರ ಸಂಘವೂ ಒಂದು. ಶಿಕ್ಷಕರು, ಅಗ್ನಿಶಾಮಕ ಸಿಬ್ಬಂದಿಯ ಸಂಘಗಳೂ ಜೊತೆಗಿದ್ದವು.

ಅಮೆರಿಕದ ಪೊಲೀಸರ ಪಿಂಚಣಿ ಕಟ್ಟಿಕೊಂಡು ನಮ್ಮ ತಾಲ್ಲೂಕಿನವರಿಗೆ ಏನಾಗಬೇಕು ಅಂತ ಕೇಳಬಹುದು. ವಿಷಯ ಇದೆ. ಸಂತೆ ದಿನ ಪೇಟೆ ರಸ್ತೆಯಲ್ಲಿ ಬಿಸಿಲಲ್ಲಿ ನಿಲ್ಲೋದು, ರಾತ್ರಿ ಅಂಗಡಿ ಬಾಗಿಲು ಹಾಕ್ಸೋಕೆ ಬರೋದು, ಜಾತ್ರೆ ಬಂದೋಬಸ್ತಿಗೆ ಮೂರು ದಿನ ಮನೆ ಮುಖ ನೋಡದೇ ಇರೋದು ಒಬ್ಬ ಕಾನ್‌ಸ್ಟೇಬಲ್. ಅವರ ಕೆಲಸದ ಕಾನೂನು ಯಾರು ಮಾಡ್ತಾರೆ, ಮಾಡುವಾಗ ಯಾರ ಮಾತು ಕೇಳ್ತಾರೆ ಅನ್ನೋದು ಕೊನೆಗೆ ನಮ್ಮ ಅಂಗಡಿ ಮುಂದೆಯೇ ಬಂದು ನಿಲ್ಲುತ್ತೆ.

ಯಾವುದು ಈ ಸಂಘ?

ಹೆಸರು ಫ್ರಾಟರ್ನಲ್ ಆರ್ಡರ್ ಆಫ್ ಪೊಲೀಸ್, ಚಿಕ್ಕದಾಗಿ ಎಫ್‌ಒಪಿ. 1915ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ 23 ಪೊಲೀಸರು ಸೇರಿ ಶುರು ಮಾಡಿದ್ದು. ಆ ಕಾಲದಲ್ಲಿ 'ಯೂನಿಯನ್' ಅಂದ್ರೆ ಸರ್ಕಾರಕ್ಕೂ ಮಾಲೀಕರಿಗೂ ಆಗ್ತಿರಲಿಲ್ಲ. ಅದಕ್ಕೇ ಹೆಸರಿನಲ್ಲಿ ಆ ಪದ ಇಲ್ಲ. ಇವತ್ತು ಸಂಘವೇ ಹೇಳುವ ಪ್ರಕಾರ 3 ಲಕ್ಷದ 70 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ. ವಾಷಿಂಗ್ಟನ್‌ನಲ್ಲಿ ಕಾನೂನು ವಿಷಯ ನೋಡಿಕೊಳ್ಳೋಕೆ ಅಂತಲೇ ಪ್ರತ್ಯೇಕ ಕಚೇರಿ ಇದೆ.

ನಮ್ಮಲ್ಲಿ 'ಲಾಬಿ' ಅಂದ್ರೆ ಹಿಂಬಾಗಿಲ ವ್ಯವಹಾರ ಅನ್ನೋ ಅರ್ಥ ಬರುತ್ತೆ. ಅಲ್ಲಿ ಅದು ಕಾನೂನುಬದ್ಧ. 1995ರ ಕಾಯ್ದೆ ಪ್ರಕಾರ ಲಾಬಿ ಮಾಡುವವರು ಹೆಸರು ನೋಂದಾಯಿಸಬೇಕು, ಯಾವ ವಿಷಯಕ್ಕೆ ಎಷ್ಟು ಖರ್ಚು ಮಾಡಿದ್ರು ಅಂತ ಲೆಕ್ಕ ಕೊಡಬೇಕು. ಹಾಗಂತ ಎಲ್ಲವೂ ಸ್ವಚ್ಛ ಅಂತ ಅಲ್ಲ. ಆದ್ರೆ ಯಾರು ಯಾವ ಬಾಗಿಲು ತಟ್ಟಿದ್ರು ಅನ್ನೋದು ದಾಖಲೆಯಲ್ಲಿ ಇರುತ್ತೆ.

ಇನ್ನೊಂದು ಮಾತು ಗಮನದಲ್ಲಿಡಬೇಕು. 1919ರಲ್ಲಿ ಬೋಸ್ಟನ್ ಪೊಲೀಸರು ಯೂನಿಯನ್ ಹಕ್ಕಿಗಾಗಿ ಮುಷ್ಕರ ಹೂಡಿದ್ರು. 1,100ಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡ್ರು. ಮುಷ್ಕರ ಮುರಿದ ಗವರ್ನರ್ ಕ್ಯಾಲ್ವಿನ್ ಕೂಲಿಡ್ಜ್ ಮುಂದೆ ದೇಶದ ಅಧ್ಯಕ್ಷರೇ ಆದ್ರು. ಇವತ್ತಿಗೂ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಪೊಲೀಸರು ಮುಷ್ಕರ ಮಾಡುವಂತಿಲ್ಲ. ಆದ್ರೆ ಸಂಘ ಕಟ್ಟಬಹುದು, ಸಂಸದರ ಹತ್ರ ಹೋಗಬಹುದು. ಮುಷ್ಕರ ಬೇರೆ, ಮಾತಾಡೋದು ಬೇರೆ ಅನ್ನೋ ಗೆರೆಯನ್ನ ಅವರು ಎಳೆದುಕೊಂಡಿದ್ದಾರೆ.

ಪಿಂಚಣಿ ಗೆದ್ದದ್ದು ಹೇಗೆ?

ಅಲ್ಲಿನ ಹಲವು ರಾಜ್ಯಗಳಲ್ಲಿ ಪೊಲೀಸರ ಸಂಬಳದಿಂದ ಕೇಂದ್ರದ ಸೋಷಿಯಲ್ ಸೆಕ್ಯುರಿಟಿ ನಿಧಿಗೆ ಹಣ ಕಡಿತ ಆಗಲ್ಲ. ಅವರಿಗೆ ಬೇರೆ ಪಿಂಚಣಿ ಇರುತ್ತೆ. ಆದ್ರೆ ಅದೇ ಪೊಲೀಸ್ ನಿವೃತ್ತಿ ನಂತರ ಅಥವಾ ಬಿಡುವಿನ ವೇಳೆಯಲ್ಲಿ ಖಾಸಗಿ ಕೆಲಸ ಮಾಡಿ ಆ ನಿಧಿಗೆ ಹಣ ಕಟ್ಟಿದ್ರೂ, ವಯಸ್ಸಾದಾಗ ಬರಬೇಕಾದ ಮೊತ್ತದಲ್ಲಿ ಕಡಿತ ಮಾಡ್ತಿದ್ರು. ಇದು 1983ರಿಂದ ಇದ್ದ ನಿಯಮ. 1977ರ ಇನ್ನೊಂದು ನಿಯಮದ ಪ್ರಕಾರ, ಗಂಡ ಅಥವಾ ಹೆಂಡತಿ ತೀರಿಕೊಂಡ ಮೇಲೆ ಅವರ ಲೆಕ್ಕದಲ್ಲಿ ಬರುವ ಹಣದಲ್ಲೂ, ಸರ್ಕಾರಿ ಪಿಂಚಣಿ ಇದೆ ಅನ್ನೋ ಕಾರಣಕ್ಕೆ ಕತ್ತರಿ ಬೀಳ್ತಿತ್ತು.

ಈ ಎರಡನ್ನೂ ತೆಗೆಯಿರಿ ಅಂತ ಸಂಘಗಳು ಒಂದಾದ ಮೇಲೊಂದು ಸಂಸತ್ತಿನಲ್ಲಿ ಕೇಳುತ್ತಲೇ ಬಂದವು. ಕೊನೆಗೆ 2024ರ ನವೆಂಬರ್‌ನಲ್ಲಿ ಕೆಳಮನೆಯಲ್ಲಿ 327–75, ಡಿಸೆಂಬರ್‌ನಲ್ಲಿ ಸೆನೆಟ್‌ನಲ್ಲಿ 76–20 ಮತಗಳಿಂದ ಮಸೂದೆ ಪಾಸಾಯ್ತು. ಒಬ್ಬರ ಮುಖ ಒಬ್ಬರು ನೋಡದ ಎರಡು ಪಕ್ಷಗಳೂ ಇಲ್ಲಿ ಕೈ ಸೇರಿಸಿದ್ವು. ಸುಮಾರು 32 ಲಕ್ಷ ಜನರಿಗೆ ಇದರ ಲಾಭ.

ಇದಕ್ಕೆ ಬೆಲೆಯೂ ಇದೆ. ಹತ್ತು ವರ್ಷದಲ್ಲಿ ಸುಮಾರು 196 ಬಿಲಿಯನ್ ಡಾಲರ್ ಹೊರೆ ಅಂತ ಅಲ್ಲಿನ ಸಂಸತ್ತಿನ ಬಜೆಟ್ ಕಚೇರಿ ಲೆಕ್ಕ ಹಾಕಿತ್ತು. ಮೊದಲೇ ಸೊರಗುತ್ತಿರುವ ನಿಧಿ ಇನ್ನೂ ಬೇಗ ಬರಿದಾಗುತ್ತೆ ಅಂತ ಅರ್ಥಶಾಸ್ತ್ರಜ್ಞರು ಎಚ್ಚರಿಸಿದ್ರು. ಸಂಘಟನೆ ಇಲ್ಲದ ಕೂಲಿಕಾರ, ಅಂಗಡಿ ನೌಕರ ಕೂಡ ಅದೇ ನಿಧಿಯನ್ನ ನಂಬಿದ್ದಾರೆ. ಸಂಘ ಇದ್ದವರ ನ್ಯಾಯ ಮೊದಲು ಆಯ್ತು, ಖರ್ಚು ಎಲ್ಲರ ಮೇಲೆ ಬಂತು.

ನಾಣ್ಯದ ಇನ್ನೊಂದು ಮುಖ

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅವರನ್ನ ಪೊಲೀಸ್ ಅಧಿಕಾರಿಯೊಬ್ಬ ಮೊಣಕಾಲಿನಿಂದ ಕುತ್ತಿಗೆ ಒತ್ತಿ ಕೊಂದ ವಿಡಿಯೋ ಇಡೀ ಜಗತ್ತು ನೋಡಿತು. ಆಮೇಲೆ ಫ್ಲಾಯ್ಡ್ ಹೆಸರಿನಲ್ಲೇ ಒಂದು ಮಸೂದೆ ಬಂತು. ಕುತ್ತಿಗೆ ಒತ್ತುವುದಕ್ಕೆ ತಡೆ, ತಪ್ಪು ಮಾಡಿದ ಪೊಲೀಸರ ರಾಷ್ಟ್ರೀಯ ಪಟ್ಟಿ, ಜೊತೆಗೆ 'ಕ್ವಾಲಿಫೈಡ್ ಇಮ್ಯುನಿಟಿ' ಅನ್ನೋ ರಕ್ಷಣೆಗೆ ಕಡಿವಾಣ. ಈ ರಕ್ಷಣೆ ಇರೋದ್ರಿಂದ ಪೊಲೀಸರಿಂದ ಅನ್ಯಾಯ ಆದವರು ಆ ಅಧಿಕಾರಿ ಮೇಲೆ ಪರಿಹಾರಕ್ಕೆ ಕೇಸ್ ಹಾಕಿ ಗೆಲ್ಲೋದು ಬಹಳ ಕಷ್ಟ.

ಕೆಳಮನೆ ಇದನ್ನ 2020ರ ಜೂನ್‌ನಲ್ಲಿ ಒಮ್ಮೆ, 2021ರ ಮಾರ್ಚ್‌ನಲ್ಲಿ 220–212 ಮತಗಳಿಂದ ಇನ್ನೊಮ್ಮೆ ಪಾಸು ಮಾಡಿತು. ಸೆನೆಟ್‌ನಲ್ಲಿ ನಿಂತುಹೋಯ್ತು. ಎಫ್‌ಒಪಿ ಇಮ್ಯುನಿಟಿ ತೆಗೆಯೋದಕ್ಕೆ ಬಿಲ್‌ಕುಲ್ ಒಪ್ಪಲಿಲ್ಲ. ಆದ್ರೆ ಬಾಗಿಲು ಮುಚ್ಚಿಕೊಂಡು ಕೂರಲೂ ಇಲ್ಲ. ಸೆನೆಟರ್ ಕೋರಿ ಬುಕರ್ ಜೊತೆ ಕೂತು ಕೆಲವು ಅಂಶಗಳಲ್ಲಿ ರಾಜಿಗೆ ಬಂದಿತ್ತು. ಶೆರಿಫ್‌ಗಳ ಸಂಘ ಅಂದ್ರೆ ಇನ್ನೊಂದು ಬಣ ಅದಕ್ಕೂ ವಿರೋಧ ಮಾಡಿತು. 2021ರ ಸೆಪ್ಟೆಂಬರ್‌ನಲ್ಲಿ ಮಾತುಕತೆ ಮುರಿದುಬಿತ್ತು.

ಕಾನೂನು ಆಗದ್ದಕ್ಕೆ ಬೈಡನ್ 2022ರಲ್ಲಿ ಅಧ್ಯಕ್ಷೀಯ ಆದೇಶ ಹೊರಡಿಸಿದ್ರು. ಅದರ ಪ್ರಕಾರ ಕೇಂದ್ರದ ಪೊಲೀಸ್ ಸಿಬ್ಬಂದಿಯ ತಪ್ಪುಗಳ ದಾಖಲೆ ಶುರುವಾಯ್ತು. 2025ರ ಜನವರಿ 20ರಂದು ಅಧಿಕಾರಕ್ಕೆ ಬಂದ ಡೊನಾಲ್ಡ್ ಟ್ರಂಪ್ ಮೊದಲ ದಿನವೇ ಆ ಆದೇಶ ರದ್ದು ಮಾಡಿದ್ರು. ದಾಖಲೆಯೂ ಬಂದ್ ಆಯ್ತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಪಿಂಚಣಿ ಕಾನೂನಾಗಿ ಬಂತು, ಅದನ್ನ ತೆಗೀಬೇಕಂದ್ರೆ ಮತ್ತೆ ಸಂಸತ್ತೇ ಬೇಕು. ಪೊಲೀಸರನ್ನ ಪ್ರಶ್ನೆ ಮಾಡುವ ಹಕ್ಕು ಬರೀ ಆದೇಶವಾಗಿ ಬಂತು, ಇನ್ನೊಂದು ಸಹಿಗೆ ಹೋಯ್ತು. ಬಲ ಇದ್ದವರಿಗೆ ಕಾನೂನು, ಇಲ್ಲದವರಿಗೆ ಆದೇಶ.

ಹಾಗಂತ ಸಂಘಕ್ಕೆ ಎಲ್ಲ ಕಡೆ ಗೆಲುವೇ ಅಂತಲೂ ಅಲ್ಲ. ಎಫ್‌ಒಪಿ 2016, 2020, 2024 ಮೂರೂ ಸಲ ಟ್ರಂಪ್‌ಗೆ ಬೆಂಬಲ ಕೊಟ್ಟಿತ್ತು. ಅದೇ ಟ್ರಂಪ್ 2021ರ ಜನವರಿ 6ರ ಸಂಸತ್ ದಾಳಿಯ ಸುಮಾರು 1,500 ಆರೋಪಿಗಳಿಗೆ ಕ್ಷಮೆ ಕೊಟ್ಟರು. ಅವರಲ್ಲಿ ಪೊಲೀಸರಿಗೇ ಹೊಡೆದವರೂ ಇದ್ರು. ಎಫ್‌ಒಪಿ ಬೇಸರದ ಹೇಳಿಕೆ ಕೊಡಬೇಕಾಯ್ತು. ನಂಬಿ ಓಟು ಹಾಕ್ಸಿದವರ ಕಥೆ ಎಲ್ಲ ದೇಶದಲ್ಲೂ ಒಂದೇ.

ಇನ್ನು ನಮ್ಮ ಕಡೆ ಬರೋಣ

ನಮ್ಮಲ್ಲಿ ಈ ಪ್ರಶ್ನೆಯನ್ನ ಸಂಸತ್ತು 1966ರಲ್ಲೇ ಮುಗಿಸಿಬಿಟ್ಟಿದೆ. ಆ ವರ್ಷ ಬಂದ ಪೊಲೀಸ್ ಪಡೆಗಳ ಹಕ್ಕು ನಿರ್ಬಂಧ ಕಾಯ್ದೆ ಪ್ರಕಾರ, ಅನುಮತಿ ಇಲ್ಲದೆ ಯಾವ ಪೊಲೀಸೂ ಕಾರ್ಮಿಕ ಸಂಘ ಸೇರುವಂತಿಲ್ಲ, ಪತ್ರಿಕೆ ಜೊತೆ ಮಾತಾಡುವಂತಿಲ್ಲ. ಮೀರಿದ್ರೆ ಎರಡು ವರ್ಷದವರೆಗೆ ಜೈಲು, ಅಥವಾ 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಂವಿಧಾನದ 33ನೇ ವಿಧಿ ಇಂಥ ನಿರ್ಬಂಧಕ್ಕೆ ಅವಕಾಶ ಕೊಡುತ್ತೆ. ಕೈಯಲ್ಲಿ ಬಂದೂಕು ಇರೋರು ಗುಂಪು ಕಟ್ಟಿದ್ರೆ ಅಪಾಯ ಅನ್ನೋದು ಸರ್ಕಾರದ ವಾದ. ಆ ವಾದದಲ್ಲಿ ಅರ್ಥ ಇಲ್ಲ ಅಂತ ಹೇಳೋಕಾಗಲ್ಲ.

ಆದ್ರೆ ಪರಿಣಾಮ ನೋಡಿ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರ ಸಂಘ ಮುಷ್ಕರ ಶುರು ಮಾಡಿತು. ಅದೇ ದಿನ ಸರ್ಕಾರ ಶೇ 17ರಷ್ಟು ಮಧ್ಯಂತರ ಪರಿಹಾರ ಘೋಷಿಸಿತು, ಮುಷ್ಕರ ವಾಪಸ್ ಆಯ್ತು. ತಾಲ್ಲೂಕು ಕಚೇರಿ ಗುಮಾಸ್ತರಿಂದ ಹಿಡಿದು ಮೇಷ್ಟ್ರುಗಳವರೆಗೆ ಎಲ್ಲರ ಸಂಘಕ್ಕೂ ಸರ್ಕಾರ ಕಿವಿ ಕೊಡುತ್ತೆ. ಆ ಮುಷ್ಕರದ ಬಂದೋಬಸ್ತಿಗೆ ನಿಲ್ಲೋ ಪೊಲೀಸರಿಗೆ ಮಾತ್ರ ಸಂಘ ಇಲ್ಲ.

2016ರಲ್ಲಿ ಪ್ರಯತ್ನ ಆಗಿತ್ತು. ಸಂಬಳ, ವಾರದ ರಜೆ, ಮೇಲಧಿಕಾರಿಗಳ ಕಿರುಕುಳ, ಅಧಿಕಾರಿಗಳ ಮನೆಯಲ್ಲಿ ಆರ್ಡರ್ಲಿ ಚಾಕರಿ, ಇವೆಲ್ಲ ಮುಂದಿಟ್ಟು ಜೂನ್ 4ಕ್ಕೆ ಸಾಮೂಹಿಕ ರಜೆಯ ಕರೆ ಬಂತು. ಕರೆ ಕೊಟ್ಟ ಸಂಘಟನೆಯ ಅಧ್ಯಕ್ಷರನ್ನ ಬಂಧಿಸಿ ದೇಶದ್ರೋಹದ ಕೇಸ್ ಹಾಕಿದ್ರು. ಜೂನ್ 4ರಂದು ಮುಷ್ಕರ ನಡೆಯಲಿಲ್ಲ. ಆದ್ರೆ ಬೇಡಿಕೆ ನಿಜ ಅನ್ನೋದು ಸರ್ಕಾರಕ್ಕೂ ಗೊತ್ತಿತ್ತು. ಔರಾದ್ಕರ್ ಸಮಿತಿ ವರದಿ ಆಧಾರದ ಮೇಲೆ 2019ರಲ್ಲಿ ಸಂಬಳ ಪರಿಷ್ಕರಣೆ ಆದೇಶ ಬಂತು. ನೋಡಿ, ಇಲ್ಲೂ ಬಂದದ್ದು ಆದೇಶವೇ.

ಹೊಸ ಕಾನೂನು, ಹಳೇ ಮೌನ

2024ರ ಜುಲೈ 1ರಿಂದ ದೇಶದಲ್ಲಿ ಮೂರು ಹೊಸ ಕ್ರಿಮಿನಲ್ ಕಾನೂನು ಜಾರಿಗೆ ಬಂದಿವೆ. ಅದರಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಅಂಗಡಿಯವರು ತಿಳ್ಕೊಂಡಿರಬೇಕು. ಪೊಲೀಸರು ನಿಮ್ಮ ಅಂಗಡಿ ಅಥವಾ ಮನೆ ಶೋಧ ಮಾಡಿ ವಸ್ತು ಜಪ್ತಿ ಮಾಡಿದ್ರೆ ಅದನ್ನ, ಪಟ್ಟಿ ಬರೆದು ಸಾಕ್ಷಿಗಳು ಸಹಿ ಹಾಕೋದೂ ಸೇರಿ, ಆಡಿಯೋ-ವಿಡಿಯೋದಲ್ಲಿ ದಾಖಲಿಸಬೇಕು. ಆ ದಾಖಲೆಯನ್ನ ತಡ ಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಇದು ನಮಗೂ ಒಳ್ಳೇದು, ಪ್ರಾಮಾಣಿಕ ಪೊಲೀಸರಿಗೂ ಒಳ್ಳೇದು.

ಈ ಮಸೂದೆಗಳನ್ನ ಪರಿಶೀಲಿಸಿದ ಸಂಸದೀಯ ಸಮಿತಿಗೆ ಅಧ್ಯಕ್ಷರಾಗಿದ್ದವರು ಉತ್ತರ ಪ್ರದೇಶದ ನಿವೃತ್ತ ಡಿಜಿಪಿ ಬ್ರಿಜ್ ಲಾಲ್. ಅಂದ್ರೆ ಇಲಾಖೆಯ ಮೇಲ್ಮಟ್ಟದ ಅನುಭವ ಅಲ್ಲಿತ್ತು. ಆದ್ರೆ ವಿಡಿಯೋ ಮಾಡೋ ಮೊಬೈಲ್ ಯಾರದ್ದು, ಡೇಟಾ ಖರ್ಚು ಯಾರದ್ದು, ರಾತ್ರಿ ಪಾಳಿ ಮುಗಿಸಿದ ಮೇಲೆ ಅಪ್‌ಲೋಡ್ ಮಾಡ್ತಾ ಕೂರೋದು ಯಾರು ಅಂತ ಕಾನ್‌ಸ್ಟೇಬಲ್‌ಗಳ ಪರವಾಗಿ ಕೇಳೋಕೆ ದೇಶಮಟ್ಟದ ಒಂದು ಸಂಘ ಇರಲಿಲ್ಲ. ಕೆಲಸ ಮಾಡೋನ ಕಷ್ಟ ಕೇಳದೆ ಮಾಡಿದ ಕಾನೂನು ಠಾಣೆ ಮಟ್ಟಕ್ಕೆ ಬಂದಾಗ ಕಾಗದದಲ್ಲಷ್ಟೇ ಉಳಿಯೋ ಅಪಾಯ ಇದೆ. ಆಗ ಕಳೆದುಕೊಳ್ಳೋರು ನಾವೇ.

ಸಂಘ ಇಲ್ಲ, ಲೆಕ್ಕ ಕೇಳೋದೂ ಇಲ್ಲ

ಸಂಘ ಇದ್ದರೆ ತಪ್ಪಿತಸ್ಥ ಪೊಲೀಸರಿಗೆ ರಕ್ಷಣೆ ಸಿಗುತ್ತೆ ಅನ್ನೋ ಭಯ ಸುಳ್ಳಲ್ಲ, ಅಮೆರಿಕದಲ್ಲೇ ನೋಡಿದ್ವಿ. ಆದ್ರೆ ಸಂಘ ಇಲ್ಲದ ನಮ್ಮಲ್ಲಿ ತಪ್ಪಿಗೆ ಶಿಕ್ಷೆ ಸುಲಭ ಆಗಿದೆಯಾ? 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಏಳು ನಿರ್ದೇಶನ ಕೊಟ್ಟಿತು. ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು, ಠಾಣಾಧಿಕಾರಿಯನ್ನ ಎರಡು ವರ್ಷದ ಒಳಗೆ ಸುಮ್ಮನೆ ಎತ್ತಂಗಡಿ ಮಾಡಬಾರದು ಅನ್ನೋದೂ ಅದರಲ್ಲಿವೆ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ದೂರು ಪ್ರಾಧಿಕಾರಕ್ಕೆ ಜಾಗ ಮಾಡಿತು. ನಮ್ಮ ಪೇಟೆಯಲ್ಲಿ ಎಷ್ಟು ಜನರಿಗೆ ಅದರ ವಿಳಾಸ ಗೊತ್ತು? ಎಮ್ಮೆಲ್ಲೆ ಪತ್ರಕ್ಕೆ ವರ್ಗಾವಣೆ ಆಗೋದು ನಿಂತಿದೆ ಅಂತ ಯಾರಾದ್ರೂ ಎದೆ ತಟ್ಟಿ ಹೇಳ್ತಾರಾ?

ಅಲ್ಲಿ ಪೊಲೀಸರಿಗೆ ಬಲ ಇದೆ, ಜನರಿಗೆ ಕಮ್ಮಿ. ಇಲ್ಲಿ ಕೆಳಗಿನ ಪೊಲೀಸರಿಗೂ ಇಲ್ಲ, ಜನರಿಗೂ ಇಲ್ಲ. ಎರಡೂ ಕಡೆ ಬಲ ಇಲ್ಲದಿದ್ದಾಗ ನಡುವೆ ಯಾರ ಕೈ ಮೇಲಾಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋ ವಿಷಯ.

ದಾರಿ ಇಲ್ಲ ಅಂತಲ್ಲ. 1966ರ ಕಾಯ್ದೆಯಲ್ಲೇ 'ಅನುಮತಿ ಇಲ್ಲದೆ' ಅನ್ನೋ ಮಾತಿದೆ. ಪಕ್ಕದ ಕೇರಳದಲ್ಲಿ ಸರ್ಕಾರದ ಮಾನ್ಯತೆ ಇರೋ ಪೊಲೀಸ್ ಸಂಘಗಳು ಇವೆ, ಅವುಗಳ ಸಮ್ಮೇಳನ ನಡೆಯುತ್ತೆ, ಪದಾಧಿಕಾರಿಗಳ ಚುನಾವಣೆ ನಡೆಯುತ್ತೆ. ಅದರಿಂದ ಅಲ್ಲಿ ಶಿಸ್ತು ಕುಸಿದು ಬಿದ್ದಿಲ್ಲ. ಕರ್ನಾಟಕಕ್ಕೂ ಅದು ಅಸಾಧ್ಯ ಅಲ್ಲ. ಮುಷ್ಕರ ಬೇಡ, ರಾಜಕೀಯ ಪಕ್ಷದ ನಂಟು ಬೇಡ. ಸಂಬಳ, ರಜೆ, ಡ್ಯೂಟಿ ಅವಧಿ, ಕ್ವಾರ್ಟರ್ಸ್ ಬಗ್ಗೆ ಮಾತಾಡೋಕೆ ಒಂದು ವೇದಿಕೆ ಇರಲಿ. ಶಿಸ್ತುಕ್ರಮ, ಲಾಕಪ್ ಸಾವು, ಲಂಚದ ವಿಷಯ ಆ ಸಂಘದ ಕೈಗೆ ಸಿಗದಂತೆ ದೂರು ಪ್ರಾಧಿಕಾರದ ಹತ್ರ ಇರಲಿ. ಇವೆರಡನ್ನ ಬೆರೆಸಿದ್ದೇ ಅಮೆರಿಕದ ತಪ್ಪು.

ಮುಂದಿನ ಚುನಾವಣೆಯಲ್ಲಿ ಓಟು ಕೇಳೋಕೆ ಬಂದವರ ಹತ್ರ ರಸ್ತೆ, ಚರಂಡಿ ಜೊತೆಗೆ ಇದನ್ನೂ ಕೇಳಿ: ನಮ್ಮ ಠಾಣೆ ಕಾನ್‌ಸ್ಟೇಬಲ್‌ಗೆ ವಾರಕ್ಕೊಂದು ರಜೆ ಕೊಡ್ತೀರಾ, ನಮ್ಮ ದೂರು ಕೇಳೋ ಜಿಲ್ಲಾ ಪ್ರಾಧಿಕಾರದ ಬೋರ್ಡನ್ನ ಠಾಣೆ ಮುಂದೆ ಹಾಕ್ತೀರಾ? ಕಾನ್‌ಸ್ಟೇಬಲ್ ಈ ಪ್ರಶ್ನೆ ಕೇಳಿದ್ರೆ ಅವರ ಕೆಲಸ ಹೋಗಬಹುದು. ನಾವು ಕೇಳಿದ್ರೆ ಏನೂ ಹೋಗಲ್ಲ.