ಮರದ ತುಂಡು ಕಲಿಸುವ ಪಾಠ

ಬೀದರಿನ ಬಿದರಿ ಹೂಜಿಯನ್ನು ಕಂಡವರೆಲ್ಲ ಕಪ್ಪು ಮೈಮೇಲಿನ ಬೆಳ್ಳಿಯ ಬಳ್ಳಿಯನ್ನು ಮೆಚ್ಚುತ್ತಾರೆ. ಆ ಬೆಳ್ಳಿ ಕೂರುವುದಕ್ಕೆ ಮೊದಲು ನಡೆದ ಕೆಲಸವನ್ನು ನೆನೆಯುವವರು ವಿರಳ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪುಗೊಳಿಸಿ, ಮೈಲುತುತ್ತದ ದ್ರಾವಣ ಸವರಿದ ಮೇಲೆಯೇ ಕುಶಲಕರ್ಮಿಯು ಚಿತ್ರ ಕೊರೆಯತೊಡಗುತ್ತಾನೆ. ಮೈ ಸರಿಯಿಲ್ಲದಿದ್ದರೆ ಬೆಳ್ಳಿ ಅದನ್ನು ಮರೆಮಾಚಲಾರದು.

ಮರದ ಲೇಖನಿಯನ್ನು ಕಡೆಯುವಲ್ಲಿಯೂ ಇದೇ ನಿಯಮ. ಭಾಲ್ಕಿ, ಔರಾದಗಳ ಹೊಲದ ಬದುವಿನಲ್ಲಿ ದೊರೆಯುವ ಜಾಲಿಯ ಕೊಂಬೆಯೊಂದು ಇದಕ್ಕೆ ಸಾಕು. ಆದರೆ ಮರ ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ಬೆಳವಣಿಗೆಯ ಬಳೆಗಳ ಗುಂಟ ಕುಗ್ಗುವುದು, ತ್ರಿಜ್ಯದ ಗುಂಟ ಕುಗ್ಗುವುದರ ಸುಮಾರು 2ರಷ್ಟು; ಉದ್ದಕ್ಕಾದರೋ ಅತ್ಯಲ್ಪ. ಆದುದರಿಂದ ಹಸಿಯಾಗಿ ಕೊಯ್ದ ಚೌಕ ಒಣಗಿದ ಮೇಲೆ ಚೌಕವಾಗಿ ಉಳಿಯದು. ವಾರಕ್ಕೊಮ್ಮೆ ತೂಗಿ ನೋಡಿ, ತೂಕ ಇಳಿಯುವುದು ನಿಂತ ಮೇಲೆ ಕೊಯ್ಯತಕ್ಕದ್ದು.

ಬಳಿಕ ತುಂಡಿನ ನಡುವೆ ಬೈರಿಗೆಯಿಂದ ರಂಧ್ರ ಕೊರೆದು ಹಿತ್ತಾಳೆಯ ಕೊಳವೆಯನ್ನು ಅಂಟಿಸುತ್ತಾರೆ. ತುಂಡು ಕೊಳವೆಗಿಂತ 2-3 ಮಿ.ಮೀ. ಉದ್ದವಿರಬೇಕು. ಈಗ ಎರಡು ತುದಿಗಳನ್ನೂ ಲಂಬವಾಗಿ ಸವೆಸಬೇಕಾಗಿದೆ. ಯಾವುದಕ್ಕೆ ಲಂಬ? ಹೊಸಬರು ಮೂಲೆಮಟ್ಟವನ್ನು ಮರದ ಹೊರಮೈಗೆ ಹಿಡಿಯುತ್ತಾರೆ. ಹೊರಮೈಯಾದರೋ ಲೇಥಿನಲ್ಲಿ ಕಡೆದು ಹೋಗತಕ್ಕದ್ದು. ಕೊನೆಗೆ ಉಳಿಯುವ ಅಕ್ಷ ಕೊಳವೆಯದು. ರಂಧ್ರ ಕೊಂಚ ಓರೆಯಾದರೂ ಕ್ಷಮೆಯುಂಟು. ತುದಿಯು ಕೊಳವೆಗೆ ಓರೆಯಾದರೆ ಕ್ಷಮೆಯಿಲ್ಲ. 10 ಮಿ.ಮೀ. ಅಗಲದ ತುದಿಯಲ್ಲಿ 1 ಡಿಗ್ರಿಯ ತಪ್ಪು ಸುಮಾರು 0.17 ಮಿ.ಮೀ. ಸಂದನ್ನು ಬಿಡುತ್ತದೆ. ಇದು ತಲೆಗೂದಲಿನ ದಪ್ಪಕ್ಕಿಂತ ಹೆಚ್ಚು, ಬರಿಗಣ್ಣಿಗೆ ಕಾಣುತ್ತದೆ. ಹಿತ್ತಾಳೆಯ ಅಂಚು ಮಿನುಗಿದೊಡನೆ ಸವೆಸುವುದನ್ನು ನಿಲ್ಲಿಸಬೇಕು.

ಭೌತಶಾಸ್ತ್ರದ ಅಧ್ಯಾಪಕರಾದ ನಾವು ಇದನ್ನೇಕೆ ಹೇಳುತ್ತಿದ್ದೇವೆ? ನಮ್ಮ ಪ್ರಯೋಗಶಾಲೆಗಳಲ್ಲಿ ನಡೆಯುವುದನ್ನು ಮುಚ್ಚಿಟ್ಟು ಫಲವಿಲ್ಲ. ಲೋಲಕದ ಪ್ರಯೋಗದಲ್ಲಿ ಉತ್ತರ 9.8ಕ್ಕೆ ಬಾರದಿದ್ದರೆ ವಿದ್ಯಾರ್ಥಿಯು ಪ್ರಯೋಗವನ್ನು ತಿದ್ದದೆ ಅಂಕಿಗಳನ್ನು ತಿದ್ದುತ್ತಾನೆ. ಪುಸ್ತಕದ ಉತ್ತರ ಬಂದುದನ್ನು ಕಂಡು ನಾವೂ ಸಹಿ ಹಾಕುತ್ತೇವೆ. ತಪ್ಪು ಇಬ್ಬರದೂ ಉಂಟು. ಮರದ ತುಂಡು ಇಂಥ ತಿದ್ದುಪಡಿಗೆ ಮಣಿಯುವುದಿಲ್ಲ. ಸಂದಿದ್ದರೆ ಅದು ಇದ್ದೇ ಇರುತ್ತದೆ. ಎಷ್ಟು ಮೆರುಗೆಣ್ಣೆ ಬಳಿದರೂ ಹೋಗದು. ಎಲ್ಲಿ ತಪ್ಪಿತೆಂದು ಹಿಂದಿರುಗಿ ಹುಡುಕುವುದೊಂದೇ ದಾರಿ. ವಿಜ್ಞಾನದ ಶೀಲವೆಂದರೆ ಇದೇ ಅಲ್ಲವೆ?

ಪರೀಕ್ಷೆಗಳ ನಡುವೆ ಇದಕ್ಕೆ ಸಮಯವೆಲ್ಲಿ ಎಂದು ಕೆಲವರು ಕೇಳಬಹುದು. ಲೇಥು ಇಲ್ಲವೆಂದು ಮತ್ತೆ ಕೆಲವರು ಹೇಳಬಹುದು. ತುಂಡನ್ನು ಸಿದ್ಧಗೊಳಿಸಲು ಲೇಥು ಬೇಕಿಲ್ಲ. ಗರಗಸ, ಬೈರಿಗೆ, ಮತ್ತು ಕೊಳವೆಯೊಳಗೆ ಬಿಗಿಯಾಗಿ ಕೂರುವ ಸರಳಿಗೆ ಲಂಬವಾಗಿ ಜೋಡಿಸಿದ ಮರಳುಕಾಗದದ ಬಿಲ್ಲೆ, ಇಷ್ಟಿದ್ದರೆ ಸಾಕು. ಕಣ್ಣಿಗೆ ಕನ್ನಡಕವೂ ಬಳಿಯಲ್ಲಿ ಅಧ್ಯಾಪಕರೂ ಇರಲೇಬೇಕು. ವರ್ಷದಲ್ಲಿ ಮೂರು ನಾಲ್ಕು ಪ್ರಯೋಗದ ಅವಧಿಗಳನ್ನು ಇದಕ್ಕೆ ಮೀಸಲಿಟ್ಟರೆ ನಷ್ಟವೇನೂ ಆಗದು.

ಬೀದರಿನ ವಿದ್ಯಾರ್ಥಿಗೆ ಈ ಪಾಠ ಹೊರಗಿನದಲ್ಲ. ಅವನ ಊರಿನ ಕುಶಲಕರ್ಮಿಯು ಅರ ಹಿಡಿದು ಅದನ್ನು ದಿನವೂ ಒಪ್ಪಿಸುತ್ತಿದ್ದಾನೆ. ತಾನು ಸಿದ್ಧಗೊಳಿಸಿದ ಲೇಖನಿಯಿಂದ ತನ್ನ ಪ್ರಯೋಗದ ನಿಜವಾದ ಅಂಕಿಗಳನ್ನು, ಅವು 9.8 ಆಗದಿದ್ದರೂ, ಬರೆಯುವ ಧೈರ್ಯವೊಂದು ಅವನಿಗೆ ಬಂದರೆ ನಮ್ಮ ಶ್ರಮ ಸಾರ್ಥಕ.