ವಯಸ್ಸಾಯಿತೆಂದು ಕೈಬಿಡುವ ಕಾಯಿಲೆಯಲ್ಲ

ಯಾದಗಿರಿ ಬಳಿಯ ಅಬ್ಬೆತುಮಕೂರಿನಂಥ ಊರುಗಳಲ್ಲಿ ಹಿರಿಯರೊಬ್ಬರು 'ರೊಟ್ಟಿ ಇಳೀವಲ್ದು' ಎಂದರೆ ಮನೆಯವರು ಮೊದಲು ಮಾಡುವುದು ಜೋಳದ ರೊಟ್ಟಿಯನ್ನು ಹಾಲಿನಲ್ಲೋ ಸಾರಿನಲ್ಲೋ ನೆನೆಸಿ ಕೊಡುವುದು. ಅದೂ ಇಳಿಯದಾದಾಗ ಗಂಜಿ. ಗಂಜಿಯೂ ಇಳಿಯದಾದಾಗ ಆಸ್ಪತ್ರೆ. ಹಿಂದಿನ ಗುಲ್ಬರ್ಗ ಜಿಲ್ಲೆಯಲ್ಲಿ ಸೇವೆಯಲ್ಲಿದ್ದಾಗ ಈ ಕ್ರಮವನ್ನು ಹಲವು ಮನೆಗಳಲ್ಲಿ ಕಂಡಿದ್ದೇನೆ. ಕೊನೆಗೆ ಕೇಳಿಬರುತ್ತಿದ್ದ ಮಾತು ಒಂದೇ: 'ವಯಸ್ಸಾಗ್ಯಾದ, ಇನ್ನೆಲ್ಲಿ ಆಪರೇಷನ್ ಬಿಡ್ರಿ.'

ಒಂದು ಕಾಲಕ್ಕೆ ಈ ಮಾತಿನಲ್ಲಿ ವಿವೇಕವಿತ್ತು. ಅನ್ನನಾಳದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯೆಂದರೆ ಎದೆ, ಹೊಟ್ಟೆ ತೆರೆದು ಅನ್ನನಾಳದ ಬಹುಭಾಗವನ್ನು ತೆಗೆದು, ಜಠರವನ್ನು ಮೇಲಕ್ಕೆಳೆದು ಜೋಡಿಸುವುದು. ಎಪ್ಪತ್ತೈದರ ದೇಹ ಅದನ್ನು ತಾಳುವುದು ಕಷ್ಟ. ಆದರೆ 1990ರ ದಶಕದಿಂದೀಚೆಗೆ, ಮುಖ್ಯವಾಗಿ ಜಪಾನಿನ ವೈದ್ಯರ ಪರಿಶ್ರಮದಿಂದ, ಬೇರೆ ದಾರಿ ತೆರೆದಿದೆ. ಗಡ್ಡೆ ಅನ್ನನಾಳದ ಒಳಪದರಕ್ಕೆ ಸೀಮಿತವಾಗಿದ್ದರೆ ಬಾಯಿಯ ಮೂಲಕ ಇಳಿಸಿದ ಎಂಡೊಸ್ಕೋಪಿನಿಂದಲೇ ಅದನ್ನು ಬಿಡಿಸಿ ತೆಗೆಯಬಹುದು. ಎದೆ ತೆರೆಯಬೇಕಿಲ್ಲ, ಅನ್ನನಾಳವೂ ಉಳಿಯುತ್ತದೆ. ರಕ್ತಸ್ರಾವ, ರಂಧ್ರ, ನಂತರ ನಾಳ ಕಿರಿದಾಗುವ ಅಪಾಯಗಳಿವೆ. ಆಗಾಗ್ಗೆ ಮರುತಪಾಸಣೆಯೂ ಬೇಕು. ಆದರೂ ಚಿಕಿತ್ಸೆಯನ್ನು ನಿರ್ಧರಿಸಬೇಕಾದದ್ದು ರೋಗದ ಹಂತ ಮತ್ತು ರೋಗಿಯ ದೇಹಸ್ಥಿತಿಯೇ ಹೊರತು ಪಡಿತರ ಚೀಟಿಯಲ್ಲಿನ ವಯಸ್ಸಲ್ಲ.

ತೊಡಕಿರುವುದು ಪತ್ತೆಯಲ್ಲಿ. 2022ರಲ್ಲಿ ಜಗತ್ತಿನಲ್ಲಿ ಸುಮಾರು 5.1 ಲಕ್ಷ ಮಂದಿಗೆ ಈ ಕ್ಯಾನ್ಸರ್ ತಗುಲಿತು. ಅದೇ ವರ್ಷ ಸತ್ತವರು ಸುಮಾರು 4.45 ಲಕ್ಷ. ಎರಡೂ ಅಂಕಿಗಳು ಇಷ್ಟು ಹತ್ತಿರವಿರುವುದಕ್ಕೆ ಮುಖ್ಯ ಕಾರಣ ತಡವಾದ ಪತ್ತೆ. ಆರಂಭದ ಹಂತದಲ್ಲಿ ಈ ರೋಗ ಹೆಚ್ಚೇನೂ ಸೂಚನೆ ಕೊಡುವುದಿಲ್ಲ. ರೊಟ್ಟಿ ಇಳಿಯದಾಗುವ ವೇಳೆಗೆ ಎಂಡೊಸ್ಕೋಪಿ ಚಿಕಿತ್ಸೆಯ ಅವಕಾಶ ಬಹುಮಟ್ಟಿಗೆ ಕೈಜಾರಿರುತ್ತದೆ. ಸರ್ಕಾರದ ಸಾಮೂಹಿಕ ತಪಾಸಣೆಯಲ್ಲಿರುವುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳು ಮಾತ್ರ.

ಹಾಗೆಂದು ಅರವತ್ತು ದಾಟಿದವರೆಲ್ಲರಿಗೂ ಎಂಡೊಸ್ಕೋಪಿ ಮಾಡಿಸಬೇಕೆಂದು ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಹೇಳಲಾರೆ. ಅದು ಸೀಮಿತ ಸಂಪನ್ಮೂಲದ ದುರ್ಬಳಕೆಯಾದೀತು. ದಶಕಗಳಿಂದ ತಂಬಾಕು, ಮದ್ಯಕ್ಕೆ ಒಗ್ಗಿದವರು, ಬಾಯಿ ಅಥವಾ ಗಂಟಲಿನ ಕ್ಯಾನ್ಸರ್‌ಗೆ ಈಗಾಗಲೇ ಚಿಕಿತ್ಸೆ ಪಡೆದವರು — ಇವರನ್ನು ಗುರುತಿಸಿ ಪರೀಕ್ಷಿಸಿದರೆ ಹಣ ಸಾರ್ಥಕ. ಅಯೋಡಿನ್ ದ್ರಾವಣ ಸಿಂಪಡಿಸಿದರೆ ಆರೋಗ್ಯವಂತ ಪದರ ಕಂದಾಗುತ್ತದೆ, ಶಂಕಾಸ್ಪದ ಭಾಗ ಬಣ್ಣ ಹಿಡಿಯದೆ ಉಳಿಯುತ್ತದೆ. ದುಬಾರಿ ಉಪಾಯವೇನಲ್ಲ, ಬೇಕಾದದ್ದು ತರಬೇತಾದ ಕಣ್ಣು.

2002ರ ನಂಜುಂಡಪ್ಪ ಸಮಿತಿಯ ವರದಿ ಯಾದಗಿರಿ, ಶಹಾಪುರ, ಸುರಪುರಗಳನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಟ್ಟಿತ್ತು. ಅನಂತರ ಜಿಲ್ಲೆಯಾಯಿತು, 371(ಜೆ) ವಿಧಿ ಬಂತು, ಯಾದಗಿರಿಗೆ ವೈದ್ಯಕೀಯ ಕಾಲೇಜೂ ಬಂತು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಪತ್ತೆಯ ಕೆಲಸ ಯಾದಗಿರಿಯಲ್ಲಿ, ಪರಿಣತ ಚಿಕಿತ್ಸೆ ಕಲಬುರಗಿಯಲ್ಲಿ ಎಂಬ ವ್ಯವಸ್ಥೆ ಅಸಾಧ್ಯವೇನಲ್ಲ. ಕಟ್ಟಡಗಳಿಗೆ ಸಲ್ಲುವ ಅನುದಾನದ ಒಂದಂಶ ಇಬ್ಬರು, ಮೂವರು ವೈದ್ಯರ ಉನ್ನತ ತರಬೇತಿಗೂ ಸಲ್ಲಲಿ.

ಎಪ್ಪತ್ತು ದಾಟಿದವರಿಗೆ ಆದಾಯದ ಮಿತಿಯಿಲ್ಲದೆ ವಾರ್ಷಿಕ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಯೋಜನೆಯನ್ನು ಕೇಂದ್ರ ಸರ್ಕಾರ 2024ರಲ್ಲಿ ಪ್ರಕಟಿಸಿತು. ವೃದ್ಧರ ಜೀವಕ್ಕೂ ಬೆಲೆಯಿದೆಯೆಂದು ಪ್ರಭುತ್ವ ಒಪ್ಪಿಕೊಂಡಂತಾಯಿತು. ರೋಗ ಗುಣವಾಗುವ ಹಂತದಲ್ಲೇ ಅದನ್ನು ಹುಡುಕದೆ ಹೋದರೆ ಆ ಹಣ ವೆಚ್ಚವಾಗುವುದು ಕೊನೆಯ ದಿನಗಳ ನೋವು ತಗ್ಗಿಸಲು ಮಾತ್ರ.